ಹೂಳದೆ ಬಿಟ್ಟ ಪಟ್ಟದ ಆವು

ನಾನು ಬೆಟ್ಟ ಹತ್ತಿ ಹೋಗುವ ಹೊತ್ತಿಗೆ ಏಳನೆಯ ಹಸುವನ್ನು ಗುಂಡಿಗೆ ಇಳಿಸುತ್ತಿದ್ದರು. ಕಂಬಂ ಕಣಿವೆಯ ಗೂಡಲೂರಿನಿಂದ ಬೆಟ್ಟದ ಬುಡದವರೆಗೆ ಗಾಡಿ, ಅಲ್ಲಿಂದ ಮೇಲಕ್ಕೆ ಎರಡು ಗಂಟೆಯ ನಡಿಗೆ. ಬೆವರಿ ನೀರಾಗಿದ್ದೆ. ಹಸುವಿನ ಕೊರಳಿನ ಗಾಯ ನೋಡೋಣವೆಂದು ಬಗ್ಗಿದೆನೋ ಇಲ್ಲವೋ, ಗುಂಡಿಯೊಳಗೆ ನಿಂತಿದ್ದ ಮುದುಕನೊಬ್ಬ ತಲೆ ಎತ್ತಿ ನನ್ನ ಮುಖ ಬಿಟ್ಟು ಕಾಲು ನೋಡಿದ.

"ಸಾಮಿ, ಮೊದ್ಲು ಜೋಡು ಬುಡಿ."

ಜೋಡು ಕಳಚಿದೆ.

"ಈಗ ನೋಡಿ. ಬಿರ್ರನೆ ನೋಡಿ. ಬೆಳಕಿರೋವಾಗ್ಲೇ ಮಣ್ಣು ಕೊಡ್ಬೇಕು."

ಕೊರಳಿನ ಕೆಳಗೆ ನಾಲ್ಕು ತೂತುಗಳಿದ್ದವು. ಅವುಗಳ ನಡುವಿನ ಅಂತರವನ್ನು ದಾರದಿಂದ ಅಳೆದು ಗಂಟು ಹಾಕಿಕೊಂಡೆ. ಮೈಮೇಲೆ ಬೇರೆ ಗಾಯವಿರಲಿಲ್ಲ. ತೊಡೆಯನ್ನು ಮುಟ್ಟಿರಲಿಲ್ಲ, ಹೊಟ್ಟೆಯನ್ನು ಬಗೆದಿರಲಿಲ್ಲ. ಕೊಂದ ಹುಲಿ ಒಂದು ತುತ್ತೂ ತಿಂದಿರಲಿಲ್ಲ. ಅದನ್ನು ಹಾಗೆಯೇ ಪುಸ್ತಕದಲ್ಲಿ ಬರೆದುಕೊಂಡೆ, ಆದರೆ ಅದರ ಬಗ್ಗೆ ಯೋಚಿಸಲಿಲ್ಲ. ಯೋಚಿಸಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು ಎಂದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಕಾಡಿಲಾಖೆಯಲ್ಲಿ ಫಾರೆಸ್ಟರಾಗಿದ್ದ ನನ್ನನ್ನು ಕೊಳ್ಳೇಗಾಲದ ಕಡೆಯಿಂದ ಕಂಬಂ ಕಣಿವೆಗೆ ಎತ್ತಿ ಹಾಕಿದ್ದು, ಕನ್ನಡ ಬಲ್ಲವನು ಎಂಬ ಒಂದೇ ಕಾರಣಕ್ಕೆ. ಅಲ್ಲಿನ ಒಕ್ಕಲು ಜನ ಯಾವ ಕಾಲದಲ್ಲೋ ನಮ್ಮ ಕಡೆಯಿಂದ ಬಂದು ನೆಲೆನಿಂತವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಮೊದಲ ವಾರ ಅವರ ಕನ್ನಡ ನನಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ನನ್ನದು ಅವರಿಗೆ ಪೂರ್ತಿ ತಿಳಿದು ನಗು ಬರುತ್ತಿತ್ತು. ಹುಲಿಗೆ 'ಪುಲಿ' ಎನ್ನುವವರ ಮುಂದೆ ನಾನು 'ವ್ಯಾಘ್ರ' ಎಂದು ಬಿಟ್ಟಿದ್ದೆ, ಅದನ್ನು ಎಷ್ಟೋ ದಿನ ಆಡಿಕೊಂಡರು.

ಆ ಜನರಿಗೆ ಒಂದು ಮಂದೆ ಇತ್ತು. ದೇವರ ಆವು ಎಂದು ಕರೆಯುತ್ತಿದ್ದರು. ನೂರೈವತ್ತಕ್ಕೆ ಕಡಿಮೆಯಿಲ್ಲದ ದನಗಳು. ಒಂದಕ್ಕೂ ನೊಗ ಹೂಡುವಂತಿಲ್ಲ, ಹಾಲು ಮಾರುವಂತಿಲ್ಲ. ಮಂದೆಗೆ ಒಂದು ರಾಜ ಹೋರಿ. ಅದನ್ನೂ ಆವೆಂದೇ ಕರೆದು 'ಪಟ್ಟದ ಆವು' ಎನ್ನುತ್ತಿದ್ದರು. ಸತ್ತ ಆವಿನ ತೊಗಲು ಸುಲಿಯಬಾರದು, ನಾಯಿ ನರಿ ಮುಟ್ಟಬಾರದು. ಸತ್ತ ದಿನವೇ ಅರಿಶಿನ ಹಚ್ಚಿ, ಕರ್ಪೂರ ಬೆಳಗಿ, ಬಿದ್ದಲ್ಲೇ ಗುಂಡಿ ತೋಡಿ ಹೂಳಬೇಕು. ಇದಕ್ಕೆ ಮಣ್ಣು ಕೊಡುವುದು ಎಂದು ಹೆಸರು. ಗುಂಡಿಯಲ್ಲಿದ್ದ ಆ ಮುದುಕನೇ ಮಂದೆಯ ಮುಖ್ಯ ಕಾವಲಿನವ. ಚಿಕ್ಕಂದಿನಿಂದ ಮಂದೆಯ ಜೊತೆಗೇ ಇದ್ದವನು, ಮದುವೆಯಾಗಿರಲಿಲ್ಲ. ಊರಿನವರು ಅವನನ್ನು ಮಂದೆಯಜ್ಜ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಮೇಲೆ, ಬೆಟ್ಟದಾಚೆಯ ನದಿಗೆ ಕಟ್ಟುತ್ತಿದ್ದ ಅಣೆಕಟ್ಟಿನ ಕೆಲಸ ಕೊನೆಗೆ ಬಂದಿದ್ದ ಕಾಲ ಅದು. ಬಂಡೆ ಸಿಡಿಸುವ ಸದ್ದು ಹಗಲೆಲ್ಲ ಕೇಳುತ್ತಿತ್ತು. ಆ ಸದ್ದಿಗೆ ಕಡವೆ, ಹಂದಿ ಎಲ್ಲ ಬೆಟ್ಟದ ಇನ್ನೊಂದು ಮಗ್ಗುಲಿಗೆ ಸರಿದಿದ್ದವು. ಹುಲಿ ಮಾತ್ರ ಸರಿದಿರಲಿಲ್ಲ. ಕೆಳಗೆ ಕಣಿವೆಯಲ್ಲಿ, ನೀರು ಬರುತ್ತದೆಂದು ಬೀಳು ಬಿದ್ದಿದ್ದ ನೆಲಕ್ಕೆಲ್ಲ ಗದ್ದೆಗೆಂದು ಗೂಟ ಬಡಿದಾಗಿತ್ತು. ಒಂದು ಮೇಕೆ ಮೇಯಲೂ ಜಾಗವಿರಲಿಲ್ಲ. ದೇವರ ಆವುಗಳಿಗೆ ಬೆಟ್ಟವನ್ನು ಬಿಟ್ಟರೆ ಗತಿಯಿರಲಿಲ್ಲ.

ಬೆಟ್ಟವೋ ನಮ್ಮ ಇಲಾಖೆಯದು. ದಿಂಡಿಗಲ್ಲಿನಲ್ಲಿದ್ದ ನಮ್ಮ ಬಿಳಿಯ ದೊರೆಯಿಂದ ಟಪ್ಪಾಲಿನಲ್ಲಿ ಕಾಗದ ಬಂತು. ಹುಲಿ ಹೊಡೆಯಲು ಜನ ಸತ್ತ ಹಸುವನ್ನು ಬಿಟ್ಟುಕೊಡುವುದಿಲ್ಲ, ಕಾವಲಿನವರಿಂದ ಹಸು ಕಾಯಲೂ ಆಗುವುದಿಲ್ಲ, ತಿಂಗಳ ಕೊನೆಯೊಳಗೆ ಇದು ನಿಲ್ಲದಿದ್ದರೆ ಆ ಬೆಟ್ಟವನ್ನು ಮೇವಿಗೆ ಮುಚ್ಚುತ್ತೇನೆ ಎಂದು ಬರೆದಿದ್ದರು. ಓದಿ ಹೇಳಿದೆ. ಮಂದೆಯಜ್ಜ ದನಗಳ ಕಡೆ ತಿರುಗಿದ.

"ಮುಚ್ಚುದ್ರೆ ಇವು ಎಲ್ ಓಗ್ಬೇಕು ಸಾಮಿ?"

ಕೈಯಲ್ಲಿ ಇನ್ನು ಇಪ್ಪತ್ತೆರಡು ದಿನ ಇತ್ತು.

ಮೊದಲು ದೊರೆಯೇ ಬಂದರು. ದೇವರ ಆವನ್ನು ಬಂದೂಕಿಗೆ ಎರೆಯಾಗಿಡಲು ಜನ ಸುತರಾಂ ಒಪ್ಪಲಿಲ್ಲ. ಆದ್ದರಿಂದ ಕೆಳಗಿನಿಂದ ಒಂದು ಎಮ್ಮೆಕರು ತರಿಸಿ ಕಟ್ಟಿ, ಮರದ ಮೇಲೆ ಮಚಾನು ಹಾಕಿಸಿ ಎರಡು ಸಂಜೆ ಕೂತರು. ಎಮ್ಮೆಕರು ಹೊಟ್ಟೆ ತುಂಬ ಹುಲ್ಲು ತಿಂದು ಮೆಲುಕು ಹಾಕಿತು. ದೊರೆಯನ್ನು ಕೆಂಜಿಗಗಳು ತಿಂದವು. ಎರಡನೆಯ ದಿನ ಬೆಳಕಿರುವಾಗಲೇ ಹುಲಿ ಇನ್ನೊಂದು ಇಳಿಜಾರಿನಲ್ಲಿ ದೇವರ ಕಡಸೊಂದನ್ನು ಹಿಡಿಯಿತು. ದೊರೆ ಜ್ವರ ಹಿಡಿಸಿಕೊಂಡು ದಿಂಡಿಗಲ್ಲಿಗೆ ಹೋದರು.

ಆಮೇಲೆ ನನ್ನ ಜಾಣತನದ ಸರದಿ. ದನ ಕೂಡುವ ದೊಡ್ಡಿಯ ಸುತ್ತ ಆಳೆತ್ತರದ ಮುಳ್ಳುಬೇಲಿ ಕಟ್ಟಿಸಿದೆ. ನಾಲ್ಕು ದಿನದ ಕೆಲಸ. ಆದರೆ ಹುಲಿ ಹಿಡಿಯುತ್ತಿದ್ದದ್ದೆಲ್ಲ ಹಗಲಲ್ಲಿ, ಮೇಯುವಾಗ. ಅದು ನನ್ನ ಪುಸ್ತಕದಲ್ಲೇ ಬರೆದಿತ್ತು!

"ಬೇಲಿ ಬಲು ಜೋರಾಗದೆ ಸಾಮಿ," ಎಂದ ಮಂದೆಯಜ್ಜ. "ಪುಲಿ ಬಂದ್ರೆ ನೀವೂ ನಾನೂ ಒಳ್ಗೆ ಕುಂತ್ಕಬೌದು."

ಅಷ್ಟಕ್ಕೆ ಸುಮ್ಮನಾಗದೆ ಕೆಳಗಿನಿಂದ ತಮಟೆಯವರನ್ನು ಕರೆಸಿದೆ. ಮೊದಲ ಪೆಟ್ಟಿಗೇ ಮಂದೆ ಬೆದರಿ ಇಳಿಜಾರಿನಲ್ಲಿ ಓಡಿ, ಒಂದು ಕರುವಿನ ಮುಂಗಾಲು ಮುರಿಯಿತು. ಅಜ್ಜ ಆ ಕರುವನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದು, ಬಿದಿರಿನ ಸೀಳು ಕಟ್ಟಿ ಮಲಗಿಸಿದ. ಅವತ್ತೂ ಮಾರನೆಯ ದಿನವೂ ನನ್ನ ಜೊತೆ ಮಾತಾಡಲಿಲ್ಲ. ನನಗೆ ನಾಚಿಕೆಯಾಗಿತ್ತು. ನಾನೂ ಮಾತಾಡಿಸಲು ಹೋಗಲಿಲ್ಲ. ಅಷ್ಟರಲ್ಲಿ ಹನ್ನೆರಡನೆಯದಕ್ಕೂ ಮಣ್ಣು ಕೊಟ್ಟಾಗಿತ್ತು.

ಬೆಟ್ಟದ ಮೇಲೆ ಗೆಣಸು ಅಗೆದು ಬದುಕುವ ಪಳಿಯರಿದ್ದರು. ಅವರಲ್ಲಿ ಹೆಜ್ಜೆ ಓದುವುದರಲ್ಲಿ ಒಬ್ಬ ಹೆಂಗಸನ್ನು ಮೀರಿಸುವವರಿಲ್ಲ ಎಂದು ಕೇಳಿ ಆಕೆಯನ್ನು ಜೊತೆಗೆ ಕರೆದುಕೊಂಡೆ. ಆಕೆ ಆಡುತ್ತಿದ್ದದ್ದು ತಮಿಳು, ನನಗೆ ಅದು ಬರುತ್ತಿತ್ತು. ಎರಡು ಬೆಟ್ಟಗಳ ನಡುವಿನ ಹಳ್ಳದಲ್ಲಿ, ಬೇಸಿಗೆಗೂ ಬತ್ತದ ಒಂದು ಮಡು ಇತ್ತು. ಅದರ ಅಂಚಿನ ಕೆಸರಿನಲ್ಲಿ ಆಕೆ ನನ್ನನ್ನು ಕೂರಿಸಿದಳು. ದೊಡ್ಡ ಹೆಜ್ಜೆಯನ್ನು ನಾನೇ ಗುರುತಿಸಿದೆ. ಬೆರಳುಗಳು ಸಪೂರ, ಹೆಣ್ಣು. ಅದರ ಪಕ್ಕದಲ್ಲಿ ಬೆಕ್ಕಿನದೆಂದು ನಾನು ಬಿಟ್ಟಿದ್ದನ್ನು ಆಕೆ ಕಡ್ಡಿಯಿಂದ ತೋರಿಸಿದಳು. ಎರಡು ಮರಿ.

"ಆದರೂ ಇಷ್ಟು ದನ ಕೊಂದು ತಿನ್ನದೆ ಬಿಡುತ್ತದಲ್ಲ, ಇದೆಂಥ ಕೆಟ್ಟ ಪ್ರಾಣಿ," ಎಂದೆ.

ಆಕೆ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು. "ಊಟಕ್ಕೆ ಕೂತವಳ ಮುಂದಿನಿಂದ ಎಲೆ ಎತ್ತಿಕೊಂಡು ಹೋಗಿ ಹೂತುಬಿಡುತ್ತೀರಿ. ಮಕ್ಕಳಿಗೆ ಹಸಿವು. ಇನ್ನೊಂದು ಎಲೆ ಹಾಕಿಕೊಳ್ಳದೆ ಅವಳೇನು ಮಾಡಬೇಕು ಸಾಮಿ?"

ನಾನು ಅಲ್ಲೇ ಬಂಡೆಯ ಮೇಲೆ ಕೂತು ಪುಸ್ತಕ ತೆಗೆದೆ. ಪ್ರತಿ ಸಾವಿನ ದಿನ, ಜಾಗ, ಹೊತ್ತು ಎಲ್ಲ ಅದರಲ್ಲಿತ್ತು. ಒಂದು ಸಾವಿಗೂ ಇನ್ನೊಂದು ಸಾವಿಗೂ ನಡುವೆ ಎರಡು ದಿನ, ಮೂರು ದಿನ, ಮತ್ತೆ ಎರಡು, ಮತ್ತೆ ಮೂರು. ಒಂದೇ ಒಂದು ಕಡೆ ಹನ್ನೊಂದು ದಿನದ ಬಿಡುವು. ಆ ಬಿಡುವಿಗೆ ಮುಂಚಿನ ಹಸು ಯಾವುದೆಂದು ನೋಡಿದೆ. ಅದು ತಪ್ಪಿಸಿಕೊಂಡು ಇದೇ ಹಳ್ಳಕ್ಕಿಳಿದಿದ್ದ ಹಸು. ಹದ್ದು ಸುತ್ತುವುದನ್ನು ಕಂಡು ಹೋಗುವಷ್ಟರಲ್ಲಿ ಬರೀ ಮೂಳೆ ಉಳಿದಿತ್ತಂತೆ. ಅದೊಂದನ್ನೇ ಹುಲಿ ಪೂರ್ತಿ ತಿಂದಿತ್ತು. ಮೂರು ಸಲ ಎಣಿಸಿ ನೋಡಿದೆ.

ಇದನ್ನು ಮಂದೆಯಜ್ಜನಿಗೆ ಹೇಗೆ ಹೇಳುವುದು? ಆ ಮಧ್ಯಾಹ್ನ ಹೇಳಿದೆ, ಸುತ್ತಿ ಬಳಸಿ ಹೇಳಿದೆ. ಅವನು ಕೇಳುತ್ತಾ ಕೇಳುತ್ತಾ ಕೈಯಲ್ಲಿದ್ದ ಹುಲ್ಲಿನ ಕಡ್ಡಿಯನ್ನು ಚೂರು ಚೂರು ಮಾಡಿದ.

"ಅಂದ್ರೆ, ನಾನು ಮಣ್ಣು ಕೊಟ್ಟ ಒಂದೊಂದ್ ಆವೂ ಇನ್ನೊಂದ್ನ ಕೊಲ್ಲುಸ್ತಾ?"

ನಾನು ಪುಸ್ತಕ ಮುಚ್ಚಿದೆ. ಅವನು ಎದ್ದು ದೊಡ್ಡಿಯ ಹಿಂದೆ ಹೋದ. ಬಹಳ ಹೊತ್ತಿನ ಮೇಲೆ ಬಂದಾಗ ಕಣ್ಣು ಕೆಂಪಾಗಿತ್ತು. "ದೊಡ್ಡಗೌಡ್ರನ್ನ ಕೇಳಾಣ," ಎಂದ.

ಊರಿನ ದೊಡ್ಡಗೌಡರು ಬೆಟ್ಟ ಹತ್ತಿ ಬಂದರು. ದಪ್ಪ ಆಳು, ನಿಧಾನದ ಮಾತು. ನಾನು ಕಟ್ಟಿದ ಲೆಕ್ಕವನ್ನೆಲ್ಲ ಕೇಳಿ, ಅಡಿಕೆ ಎಲೆ ಹಾಕಿಕೊಂಡು, ಒಂದು ದಾರಿ ಹೇಳಿದರು.

"ಅಳ್ಳುಕ್ಕೆ ಓಗಿ ಸಿಗ್ದೆ ಓದ ಆವಿಗೆ ಮಣ್ಣು ಕೊಡ್ಲಿಲ್ಲ. ಅದು ತಪ್ಪಂತ ಯಾರೂ ಅನ್ಲಿಲ್ಲ. ಇನ್ನೊಂದ್ ಬಿದ್ರೆ ಅದೂ ನಮ್ ಕಣ್ಣಿಗೆ ಸಿಗ್ಲಿಲ್ಲ ಅಂತ ಇಟ್ಕೊಳ್ಳಾಣ. ಯಾರೂ ಹುಡುಕ್ಬ್ಯಾಡಿ."

ನನಗೆ ಅವರನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ಮಂದೆಯಜ್ಜ ಒಂದೇ ಮಾತು ಕೇಳಿದ: "ಬಂದೂಕ ಬ್ಯಾಡ ಸಾಮಿ. ಉಣ್ಣಾಕ್ ಕರ್ದು ಒಡೆಯೋದು ಬ್ಯಾಡ." ಹಸು ಬಿದ್ದರೆ ತಕ್ಷಣ ದೊರೆಗೆ ತಿಳಿಸಬೇಕೆಂದು ನನಗೆ ಆಜ್ಞೆಯಿತ್ತು. ಸ್ವಲ್ಪ ಹಿಂದೆಮುಂದೆ ನೋಡಿ, ತಿಳಿಸುವುದಿಲ್ಲ ಎಂದು ಮಾತು ಕೊಟ್ಟೆ.

ತಿಂಗಳು ಮುಗಿಯಲು ಆರು ದಿನವಿದ್ದಾಗ ಹುಲಿ ಮತ್ತೆ ಬಂತು. ಬೆಳಗಿನ ಬಿಸಿಲು ಏರುವ ಹೊತ್ತು. ಮಂದೆ ಕೂಗಿಕೊಂಡು ದಿಣ್ಣೆ ಹತ್ತಿತು. ನಾವು ಹುಡುಕಬಾರದೆಂದು ಕೂತಿದ್ದೆವು. ಮಂದೆಯಜ್ಜ ಎಣಿಸಲು ಎದ್ದ. ಅವನು ಬೆರಳು ಮಡಿಸಿ ಎಣಿಸುವವನಲ್ಲ, ಒಂದೊಂದರ ಮುಖ ನೋಡಿ ಎಣಿಸುವವನು. ಅರ್ಧಕ್ಕೆ ನಿಂತುಬಿಟ್ಟ. ಆಮೇಲೆ ಇಳಿಜಾರಿನಲ್ಲಿ ಓಡಿದ. ಅವನ ಹಿಂದೆ ನಾನು.

ಹಳ್ಳ ದಾಟುವ ಕಡೆ ಪಟ್ಟದ ಆವು ಬಿದ್ದಿತ್ತು. ಕೊಂಬಿನಲ್ಲಿ ಮಣ್ಣು ಮೆತ್ತಿತ್ತು, ಸುತ್ತ ನೆಲವೆಲ್ಲ ಕಿತ್ತುಹೋಗಿತ್ತು. ಮಂದೆಯ ಹಿಂದೆ ನಿಂತು ಕಾದಾಡಿದೆ ಎಂದು ಕಂಡ ಕೂಡಲೇ ತಿಳಿಯುತ್ತಿತ್ತು.

ಸುದ್ದಿ ಹೇಗೆ ಇಳಿಯಿತೋ, ದೊಡ್ಡಗೌಡರು ಹತ್ತು ಆಳುಗಳ ಜೊತೆ ಗುದ್ದಲಿ, ಅರಿಶಿನ, ಹೊಸಬಟ್ಟೆ ಹಿಡಿಸಿಕೊಂಡು ಬಂದರು. ಇನ್ನೂ ಬಿಸಿಲಿತ್ತು. ನಾನು ಸೋತುಹೋಗಿದ್ದೆ. ನಿಜ ಹೇಳುತ್ತೇನೆ, ನಾನೇ ಮೊದಲು ಹಿಂದೆಗೆದೆ.

"ಅಜ್ಜಾ, ಇದಕ್ಕೆ ಮಣ್ಣು ಕೊಟ್ಟುಬಿಡಿ. ಮುಂದಿನದನ್ನು ಬಿಟ್ಟರಾಯಿತು," ಎಂದೆ.

"ಮುಂದುಲ್ದು ಯಾವಾಗ ಸಾಮಿ?"

"ಎರಡು ದಿನ, ಮೂರು ದಿನ."

"ತಿಂಗ್ಳು ಮುಗಿಯೋಕೆ?"

"ಆರು. ಅಷ್ಟರಲ್ಲಿ ಇನ್ನೊಂದು ಬಿದ್ದರೆ ಇದು ನಿಂತಿತೆಂದು ದೊರೆ ಒಪ್ಪುವುದಿಲ್ಲ."

ಅವನು ಹೋರಿಯ ಪಕ್ಕದಲ್ಲಿ ಕೂತ. ಗುದ್ದಲಿ ಎತ್ತಿದವರಿಗೆ ಕೈ ಅಡ್ಡ ಹಿಡಿದ.

ದೊಡ್ಡಗೌಡರು ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಅಣ್ಣಾ, ಬ್ಯಾರೆ ಆವು ಸಿಗ್ಲಿಲ್ಲ ಅನ್ಬೌದು. ಪಟ್ಟದಾವು ಸಿಗ್ಲಿಲ್ಲ ಅನ್ನೋಕಾಯ್ತದಾ? ಇದ್ಕೆ ಮಣ್ಣು ಕೊಡ್ದೆ ಬಂದ ಕೈ ಮಂದೆ ಮೇಲೆ ಇರ್ಬಾರ್ದು. ಆ ಕೈ ಇನ್ ಯಾವ್ ಆವ್ನೂ ಮುಟ್ಟಂಗಿಲ್ಲ, ಕಾವ್ಲೂ ಬುಡ್ಬೇಕು. ನಾ ಮಾಡಿದ್ ಕಟ್ಟಲ್ಲ ಇದು, ನಿನುಗೇ ತಿಳ್ದಿರೋದು."

"ತಿಳ್ದದೆ."

"ಹಂಗಿದ್ರೂ?"

ಅಜ್ಜ ಹೋರಿಯ ಕೊಂಬಿನ ಮಣ್ಣನ್ನು ಬೆರಳಿನಿಂದ ಕೆರೆದು ತೆಗೆಯುತ್ತಿದ್ದ. "ನಾನೊಬ್ಬ ಮಂದೆ ಬುಟ್ರೆ ಮಂದೆ ಮಲೆ ಮೇಲಿರ್ತದೆ. ಮಂದೇನೇ ಮಲೆ ಬುಟ್ರೆ, ನಾನಿದ್ದು ಏನ್ ಮಾಡ್ಲಿ ಗೌಡ್ರೆ?"

ಆಳುಗಳಲ್ಲೊಬ್ಬ ಅಳುತ್ತಿದ್ದ. ಅಜ್ಜ ಹೋರಿಯ ಹಣೆಗೆ ಅರಿಶಿನ ಹಚ್ಚಿ, ಎರಡೂ ಕೊಂಬು ಮುಟ್ಟಿ ಕಣ್ಣಿಗೊತ್ತಿಕೊಂಡು ಎದ್ದ. "ಬನ್ನಿ. ನಾವಿಲ್ಲಿದ್ರೆ ಅದು ಬರಲ್ಲ," ಎಂದ. ಅವನ ಹಿಂದೆ ನಾವೆಲ್ಲ ನಡೆದೆವು. ಹಿಂತಿರುಗಿ ನೋಡಿದವನು ನಾನೊಬ್ಬನೇ.

ಮಾರನೆಯ ದಿನದಿಂದ ಮಂದೆಯನ್ನು ಎದುರು ಬೆಟ್ಟದ ನೆತ್ತಿಗೆ ಹೊಡೆಸಿದೆ. ಕಾವಲಿಗೆ ಬೇರೆ ಇಬ್ಬರು ಬಂದರು. ಹಳ್ಳದ ಕಡೆ ಸೌದೆಗೂ ಜೇನಿಗೂ ಯಾರೂ ಹೋಗದಂತೆ ನೋಡಿಕೊಂಡೆ. ಪಳಿಯರ ಹೆಂಗಸೂ ನಾನೂ ಪ್ರತಿ ಮಧ್ಯಾಹ್ನ ಗಾಳಿ ನೋಡಿ, ದೂರದ ಬಂಡೆಯ ಮೇಲೆ ಕೂರುತ್ತಿದ್ದೆವು. ಎರಡನೆಯ ದಿನ ಹುಲಿ ಹೋರಿಯನ್ನು ಮೂವತ್ತು ಮಾರು ಎಳೆದು ಬಿದಿರುಮೆಳೆಯ ಹಿಂದೆ ಇಟ್ಟಿತ್ತು. ಮೂರನೆಯ ದಿನ ಮಡುವಿನ ಅಂಚಿನಲ್ಲಿ ಮರಿಗಳ ಹೆಜ್ಜೆ, ಆಡಿ ಉರುಳಿದ ಗುರುತು. ಐದನೆಯ ದಿನವೂ ಹುಲಿ ಅಲ್ಲೇ ಇತ್ತು. ಮಂದೆಯ ಕಡೆಗೆ ಒಂದು ಹೆಜ್ಜೆಯೂ ಹೋಗಿರಲಿಲ್ಲ. ತಿಂಗಳು ಮುಗಿಯಿತು. ಅದಾದ ಮೇಲೂ ಎಂಟು ದಿನ ಏನೂ ಆಗಲಿಲ್ಲ.

ದೊರೆ ಬಂದರು. ನಾನು ನಕ್ಷೆ ಬಿಡಿಸಿ, ಒಂದೊಂದು ಸಾವಿನ ಜಾಗದಲ್ಲಿ ಕೆಂಪು ಶಾಯಿಯ ಚುಕ್ಕೆ ಇಟ್ಟು, ದಿನಗಳನ್ನು ಪಕ್ಕದಲ್ಲಿ ಬರೆದಿದ್ದೆ.

"ಐದು ದಿನ ಹುಲಿ ಒಂದೇ ಕಡೆ ಇತ್ತು. ನನಗೆ ತಿಳಿಸಲಿಲ್ಲ," ಎಂದರು.

"ತಿಳಿಸಲಿಲ್ಲ."

ಚೆನ್ನಾಗಿ ಬೈದರು. ಬೈದು ಮುಗಿಸಿ ನಕ್ಷೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಹಳ್ಳ ಮತ್ತು ಮಡುವಿನ ಸುತ್ತ ಮಾತ್ರ ಮೇವಿಗೂ ಸೌದೆಗೂ ಮುಚ್ಚುವುದು, ಅಲ್ಲಿ ಬೆಂಕಿ ಬೀಳದಂತೆ ಕಾಯುವುದು, ಉಳಿದ ಬೆಟ್ಟವನ್ನು ಮಂದೆಗೆ ಬಿಡುವುದು, ಬಿದ್ದ ದನವನ್ನು ಬಿದ್ದಲ್ಲೇ ಬಿಡುವುದು. ನಾನು ಬರೆದುಕೊಟ್ಟಿದ್ದಕ್ಕೆ ಒಂದು ಗೆರೆಯನ್ನೂ ಹೊಡೆಯದೆ ರುಜು ಹಾಕಿದರು. ಮೇಲಿನವರಿಗೆ ನನ್ನ ಬಗ್ಗೆ ಒಳ್ಳೆಯ ಮಾತೂ ಬರೆದರು. ಆ ಕಾಗದದಲ್ಲಿ ಮಂದೆಯಜ್ಜನ ಸುದ್ದಿ ಇರಲಿಲ್ಲ. ಬರೆಯಿರಿ ಎಂದು ಕೇಳಲು ನನಗೂ ತೋಚಲಿಲ್ಲ.

ಆಮೇಲೆ ಎರಡು ತಿಂಗಳಲ್ಲಿ ಮೂರು ಆವು ಹೋದವು, ಮೂರನ್ನೂ ಬಿಟ್ಟರು. ಮೇಲೆ ಬಂಡೆ ಸಿಡಿಸುವುದು ನಿಂತಿತು. ಮುಚ್ಚಿದ ಹಳ್ಳದಲ್ಲಿ ಹುಲ್ಲೆದ್ದು, ಮಡುವಿಗೆ ಕಡವೆಗಳು ಇಳಿಯತೊಡಗಿದವು. ಅಲ್ಲಿಗೆ ಹುಲಿ ಮಂದೆಯ ತಂಟೆಗೆ ಬರುವುದನ್ನು ಬಿಟ್ಟಿತು. ಊರವರು ಹೊಸ ಪಟ್ಟದ ಆವನ್ನೂ ಆರಿಸಿದರು. ಮಂದೆಯ ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ, ಮೊದಲು ಬಂದು ಕಬ್ಬಿಗೆ ಬಾಯಿಹಾಕಿದ ಹೋರಿಗೆ ಪಟ್ಟ. ನನ್ನನ್ನು ಕರೆದು ಮುಂದೆ ನಿಲ್ಲಿಸಿ ಮರ್ಯಾದೆ ಮಾಡಿದರು. ಮಂದೆಯಜ್ಜ ಗುಂಪಿನಲ್ಲಿ ಎಲ್ಲೂ ಕಾಣಲಿಲ್ಲ.

ನನಗೆ ವರ್ಗವಾದಾಗ ಅವನನ್ನು ಹುಡುಕಿಕೊಂಡು ಹೋದೆ. ಕಣಿವೆಗೆ ಹೊಸ ನೀರು ಬಂದಿತ್ತು. ಅವನು ತಮ್ಮನ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಳೆ ಕೀಳುತ್ತಿದ್ದ. ನನ್ನನ್ನು ಕಂಡು ಬದುವಿಗೆ ಬಂದು ಕೂತ. ಕ್ಷಮಿಸಿ ಎನ್ನಲು ಬಂದಿದ್ದೆ. ಅವನು ಅವಕಾಶವನ್ನೇ ಕೊಡಲಿಲ್ಲ.

"ಪುಲಿ ಮರಿಗುಳು ಎರ್ಡೂ ಅವೆಯಾ?"

"ಎರಡೂ ಇವೆ. ದೊಡ್ಡವಾಗಿವೆ."

"ಪಾವಂ," ಎಂದ. ತಮಿಳಿನ ಆ ಮಾತನ್ನು ಅವರು ಕನಿಕರಕ್ಕೆ ಆಡುತ್ತಾರೆ. ಯಾರ ಮೇಲಿನ ಕನಿಕರವೋ ನಾನು ಕೇಳಲಿಲ್ಲ.

ಸಂಜೆಯಾಗುತ್ತಿತ್ತು. ಕಾಲುವೆಯ ಏರಿಯ ಮೇಲೆ ಗೊರಸಿನ ಸದ್ದು ಕೇಳಿತು. ಹಬ್ಬಕ್ಕೆಂದು ದೇವರ ಆವುಗಳನ್ನು ಊರಿಗೆ ಇಳಿಸುತ್ತಿದ್ದರು. ಅಜ್ಜ ತಟ್ಟನೆ ಎದ್ದು ಹುಣಸೆಮರದ ಹಿಂದೆ ಸರಿದ.

"ಕಂಡ್ರೆ ಬಂದ್ಬುಡ್ತವೆ ಸಾಮಿ. ಕಾವಲೋರಿಗೆ ತೊಂದ್ರೆ."

ಮಂದೆ ಸಾಲಾಗಿ ಮುಂದೆ ಹೋಯಿತು. ಕೊನೆಯಲ್ಲಿ ಬರುತ್ತಿದ್ದ ಒಂದು ಮುದಿ ಹಸು ನಿಂತು ಮೂತಿ ಎತ್ತಿ ಗಾಳಿ ಮೂಸಿತು. ಸಾಲು ಬಿಟ್ಟು ಬದುವಿಗಿಳಿದು, ನೇರ ಮರದ ಹಿಂದಕ್ಕೆ ಬಂತು. ಅವನ ಎದೆಯ ಹತ್ತಿರ ತಲೆ ತಂದು ಕೊರಳು ಚಾಚಿ ನಿಂತಿತು. ಅಜ್ಜ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಹಸು ಕಾಯುತ್ತಿತ್ತು, ಹೋಗಲೊಲ್ಲದು.

ನಾನು ಜೋಡು ಕಳಚಿ ಹತ್ತಿರ ಹೋದೆ. ಹಸುವಿನ ಕೊರಳಿಗೆ ಕೈಹಾಕಿ ತುರಿಸಿದೆ. ಅದು ಬೇಡವೆಂಬಂತೆ ತಲೆ ಕೊಡವಿತು.

"ಅಲ್ಲಲ್ಲ ಸಾಮಿ," ಎಂದ ಅಜ್ಜ. ಕೈ ಬೆನ್ನ ಹಿಂದೆಯೇ ಇತ್ತು. "ಇನ್ನೂ ಕೆಳ್ಗೆ. ಜೋಲೋ ಗಂಗೆದೊಗ್ಲು ಮಡಿಕೆ ಒಳ್ಗೆ. ಉಗುರಲ್ಲಿ ಬ್ಯಾಡ, ಬೆರಳಲ್ಲಿ. ಮೆಲ್ಲುಗೆ. ಆ, ಅಲ್ಲೇ."

ಹಸು ಕಣ್ಣು ಮುಚ್ಚಿತು.